ಕೆಂಡ ಇರಲಿ, ಕಾಡುಹಂದಿ ಬೇಡ

ರಜೆ ಮುಗಿಸಿ ಹಾಸ್ಟೆಲಿಗೆ ವಾಪಸ್ ಬಂದ ಮೊದಲ ರಾತ್ರಿ ನಮ್ಮ ವಿಂಗ್‌ನಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತೆ. "ಈ ಸಲ ಸಿಕ್ತಾ?" ಏನು ಸಿಕ್ತಾ ಅಂತ ಯಾರೂ ಬಿಡಿಸಿ ಹೇಳಲ್ಲ. ಮಲೆನಾಡು, ಕೊಡಗಿನ ಕಡೆಯಿಂದ ಬಂದವರಿಗೆ ಮಾತ್ರ ಈ ಪ್ರಶ್ನೆ. ಸಿಕ್ಕಿದ್ದರೆ ಫೋನು ಕೈಯಿಂದ ಕೈಗೆ ಹೋಗುತ್ತೆ. ಕಬ್ಬಿಣದ ಜಾಲರಿ, ಕೆಳಗೆ ಕೆಂಡ, ಮೇಲೆ ಮಸಾಲೆ ಮೆತ್ತಿದ ಮಾಂಸದ ತುಂಡುಗಳು, ಹಿನ್ನೆಲೆಗೆ ಯಾವುದೋ ಸಿನಿಮಾ ಹಾಡು. ಬಯಲುಸೀಮೆಯವರು, ಬೆಂಗಳೂರಿನವರು ಬಾಯಿ ಬಿಟ್ಟುಕೊಂಡು ನೋಡ್ತಾರೆ. "ಮುಂದಿನ ಸಲ ನಮ್ಮನ್ನೂ ಕರ್ಕೊಂಡು ಹೋಗೋ ಮಗಾ" ಅಂತಾರೆ.

ನಾವೂ ಹಾಗೇ ಅಂದವರೇ. ಫಸ್ಟ್ ಸೆಮ್ ಮುಗಿದ ರಜೆಯಲ್ಲಿ ನಾವು ನಾಲ್ಕು ಜನ ಮಲೆನಾಡಿನ ಗೆಳೆಯನೊಬ್ಬನ ಮನೆಗೆ ಹೋದ್ವಿ, ಕಾಡುಹಂದಿ ಸುಟ್ಟು ತಿಂದ್ವಿ, ಸ್ಟೇಟಸ್ ಹಾಕಿದ್ವಿ. ಊರಿನ ಹೆಸರು ಇಲ್ಲಿ ಬೇಡ. ಹಾಗಾದ್ರೆ ಇದನ್ನ ಬರೆಯೋ ಯೋಗ್ಯತೆ ನಿಮಗಿದೆಯಾ ಅಂತ ಯಾರಾದ್ರೂ ಕೇಳಿದ್ರೆ ನಮ್ಮ ಹತ್ರ ಉತ್ತರ ಇಲ್ಲ. ಆದ್ರೂ ಬರೀತಿದ್ದೀವಿ. ಮಸಾಲೆ ಅರೆದು, ಮಾಂಸ ನೆನೆಸಿಟ್ಟು, ಕೆಂಡದ ಮೇಲೆ ಹದವಾಗಿ ಸುಡೋ ವಿದ್ಯೆ ಉಳಿಯಲೇಬೇಕು. ಕಾಡುಪ್ರಾಣಿಯ ಮಾಂಸ ಮಾತ್ರ ನಮ್ಮ ತಟ್ಟೆಗೆ ಬರಬಾರದು. ಇವೆರಡೂ ಒಂದೇ, ಒಂದನ್ನು ಬಿಟ್ಟರೆ ಇನ್ನೊಂದೂ ಹೋಗುತ್ತೆ ಅಂತ ನಾವು ತಿಳ್ಕೊಂಡಿದ್ವಿ. ಅದು ತಪ್ಪು ಅಂತ ಈಗ ಅನ್ನಿಸಿದೆ.

ಕಪ್ಪು ಕವರ್

ಅವತ್ತು ಸಂಜೆ ಯಾರೋ ಒಬ್ಬರು ಬೈಕಲ್ಲಿ ಬಂದು ಕಪ್ಪು ಪ್ಲಾಸ್ಟಿಕ್ ಕವರ್ ಕೊಟ್ಟು ಹೋದರು. ಗೆಳೆಯನ ಮಾವ ದುಡ್ಡು ಎಣಿಸಿ ಕೊಟ್ಟಿದ್ದನ್ನ ನಾವು ನೋಡಿದ್ವಿ. ಪಟ್ಟಣದ ಹುಡುಗರು ಬಂದಿದ್ದಾರೆ ಅಂತಲೇ ತರಿಸಿದ್ದು. ಅದು ಗೊತ್ತಾದಾಗ ನಮಗೆ ಖುಷಿಯೇ ಆಯ್ತು.

ಅಡುಗೆ ನಾವೇ ಮಾಡ್ತೀವಿ ಅಂತ ಹಟ ಹಿಡಿದ್ವಿ. ನಾಲ್ಕು ವಿಡಿಯೋ ನೋಡಿ ನಾಲ್ಕನ್ನೂ ಕಲಸಿದ್ವಿ. ನಿಂಬೆಹಣ್ಣು, ವಿನೆಗರ್, ಸೋಯಾ ಸಾಸ್, ಅದರ ಮೇಲೆ ಮನೆಯ ಹಂದಿ ಮಸಾಲೆ. ಮುಷ್ಟಿ ಗಾತ್ರದ ತುಂಡುಗಳು. ಸೌದೆ ಇನ್ನೂ ಧಗಧಗ ಉರಿಯೋವಾಗಲೇ ಜಾಲರಿ ಇಟ್ವಿ. ಹತ್ತು ನಿಮಿಷಕ್ಕೆ ಹೊರಗೆ ಇದ್ದಿಲು, ಒಳಗೆ ಹಸಿ. ಜಗಿದರೆ ಟೈರಿನ ಹಾಗೆ. ಹೊರಪದರ ಮಾತ್ರ ಹುಳಿಗೆ ಹಿಟ್ಟಿನ ಹಾಗೆ ಆಗಿತ್ತು. ಆದ್ರೂ ಯಾರೂ "ಚೆನ್ನಾಗಿಲ್ಲ" ಅನ್ನಲಿಲ್ಲ. "ಸೂಪರ್ ಗುರು, ಕಾಡಿನ ರುಚಿನೇ ಬೇರೆ" ಅಂದ್ವಿ. ಹಂದಿ ಎಮೋಜಿ ಹಾಕಿ ಫೋಟೋ ಏರಿಸಿದ್ವಿ.

ಬೆಳಗ್ಗೆ ಆರು ಗಂಟೆಗೆ ಮಾವ ಬಂದು ಎಬ್ಬಿಸಿದರು. "ಫೋನಲ್ಲಿ ಹಾಕಿದ್ದು ತೆಗೀರಿ ಹುಡುಗ್ರಾ. ಈಗ್ಲೇ ತೆಗೀರಿ." ಬೈದರೆ ತಡ್ಕೋಬಹುದಿತ್ತು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಹಿತ್ತಲಲ್ಲಿ ಅತ್ತೆ ಫ್ರೀಜರ್‌ನಲ್ಲಿ ಉಳಿದಿದ್ದನ್ನೆಲ್ಲ ಗೊಬ್ಬರದ ಗುಂಡಿ ಪಕ್ಕ ಹೂಳ್ತಿದ್ದರು. ಮಧ್ಯಾಹ್ನದ ಬಸ್ಸಿಗೆ ನಾವು ಹೊರಟ್ವಿ. ಕೊನೆಗೆ ಯಾರೂ ಬರಲಿಲ್ಲ, ಏನೂ ಆಗಲಿಲ್ಲ. ಆದರೆ ನಮ್ಮ ಗೆಳೆಯ ಹದಿನೈದು ದಿನ ದಿನಾ ಮನೆಗೆ ಫೋನ್ ಮಾಡಿ "ಯಾರಾದ್ರೂ ಬಂದಿದ್ರಾ" ಅಂತ ಕೇಳ್ತಿದ್ದ. ಪಕ್ಕದ ಮಂಚದಲ್ಲಿ ಮಲಗಿ ನಾವು ಅದನ್ನ ಕೇಳಿಸ್ಕೋತಿದ್ವಿ.

ಕಾನೂನು ಏನು ಹೇಳುತ್ತೆ

ಆಮೇಲೆ ಕೂತು ಓದಿದ್ವಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿದ್ದು 1972ರಲ್ಲಿ. 2022ರಲ್ಲಿ ಆದ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಅದರ ಬೇಟೆಗೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲನೇ ಅನುಸೂಚಿಯ ಪ್ರಾಣಿಗಳಾದರೆ ಶಿಕ್ಷೆ ಮೂರು ವರ್ಷದಿಂದಲೇ ಶುರುವಾಗಿ ಏಳು ವರ್ಷದವರೆಗೆ ಹೋಗುತ್ತೆ. ಬೇಟೆ ಅಂದ್ರೆ ಕೋವಿಯಲ್ಲಿ ಹೊಡೆಯೋದು ಮಾತ್ರ ಅಲ್ಲ. ಉರುಳು ಹಾಕೋದು, ಬಲೆ ಒಡ್ಡೋದು, ಅಟ್ಟಿಸಿಕೊಂಡು ಹೋಗೋದು, ಅದಕ್ಕೆ ಪ್ರಯತ್ನ ಪಡೋದು ಎಲ್ಲವೂ ಬೇಟೆಯೇ. ಬೇಟೆಯಾಡಿದ ಪ್ರಾಣಿಯ ಮಾಂಸ ಕಾಯ್ದೆ ಪ್ರಕಾರ ಸರ್ಕಾರದ ಸ್ವತ್ತು. "ನಾವು ಹೊಡೆದಿಲ್ಲ ಸರ್, ಬರೀ ತಿಂದಿದ್ದು" ಅನ್ನೋ ಮಾತು ನಡೆಯಲ್ಲ. ಮನೆಯ ಫ್ರೀಜರ್‌ನಲ್ಲಿ ಇಟ್ಟವರೂ ಸಿಕ್ಕಿಬೀಳ್ತಾರೆ. ನಮ್ಮ ಒಂದು ಸ್ಟೇಟಸ್‌ಗೋಸ್ಕರ ಆ ಮನೆಯವರು ಕೋರ್ಟಿಗೆ ಅಲೆಯಬೇಕಾಗಿ ಬರಬಹುದಿತ್ತು.

ಆದರೆ ಕಾನೂನಿದೆ ಅನ್ನೋ ಒಂದೇ ಕಾರಣಕ್ಕೆ ಬಿಡಿ ಅಂತ ಹೇಳೋಕೆ ನಾವು ಬಂದಿಲ್ಲ. ಹೆಲ್ಮೆಟ್ ಕಾನೂನೂ ಇದೆ, ನಮ್ಮ ಕಾಲೇಜು ಗೇಟಿನ ಹತ್ರ ಅದರ ಗತಿ ಏನು ಅಂತ ಎಲ್ಲರಿಗೂ ಗೊತ್ತು.

ಆ ಮಾಂಸ ಎಲ್ಲಿಂದ ಬರುತ್ತೆ

ಕೋವಿ, ಕಾಡು, ಶಿಕಾರಿ ಅಂತೆಲ್ಲ ನಾವು ಕಲ್ಪನೆ ಮಾಡ್ಕೊಂಡಿದ್ವಿ. ಈಗ ಬಹಳ ಕಡೆ ಹಾಗೆ ಬರಲ್ಲ. ಗುಂಡಿನ ಸದ್ದು ದೂರ ಕೇಳುತ್ತೆ, ಉರುಳಿಗೆ ಸದ್ದಿಲ್ಲ. ಬೈಕಿನ ಹಳೇ ಬ್ರೇಕ್ ಕೇಬಲ್, ಕ್ಲಚ್ ಕೇಬಲ್ ಸಾಕು. ಬೇಲಿಯ ಸಂದಿಯಲ್ಲಿ, ಹಂದಿ ಓಡಾಡೋ ದಾರಿಯಲ್ಲಿ ಕುಣಿಕೆ ಕಟ್ಟಿ ಬಿಟ್ಟರೆ ಮುಗೀತು. ಎಳೆದಷ್ಟೂ ಬಿಗಿಯಾಗುತ್ತೆ. ಕತ್ತಿಗೆ ಬಿದ್ದರೆ ಬೇಗ ಸಾಯುತ್ತೆ. ಸೊಂಟಕ್ಕೋ ಕಾಲಿಗೋ ಬಿದ್ದರೆ ರಾತ್ರಿಯೆಲ್ಲ ಒದ್ದಾಡುತ್ತೆ.

ಉರುಳಿಗೆ ಹಂದಿ ಯಾವುದು, ಚಿರತೆ ಯಾವುದು ಅಂತ ಗೊತ್ತಾಗಲ್ಲ. ಹಂದಿಗೆ ಅಂತ ಕಟ್ಟಿದ ಉರುಳಲ್ಲಿ ಚಿರತೆ ಸಿಕ್ಕಿಬಿದ್ದ ಸುದ್ದಿ ನಮ್ಮ ಜಿಲ್ಲೆಗಳ ಪೇಪರಿನ ಒಳಪುಟದಲ್ಲಿ ಆಗಾಗ ಬರ್ತಾನೇ ಇರುತ್ತೆ. ಸಿಡಿಮದ್ದಿನ ಕತೆ ಇನ್ನೂ ಕೆಟ್ಟದು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಸುರಿ ಆನೆಯೊಂದು ಬಾಯಿ ಸಿಡಿದು, ನೀರಿನಲ್ಲಿ ನಿಂತೇ ಸತ್ತಿದ್ದು ನೆನಪಿರಬಹುದು. ಆಗ ನಾವು ಹೈಸ್ಕೂಲಲ್ಲಿದ್ವಿ, ಲಾಕ್‌ಡೌನ್ ಸಮಯ, ಎಲ್ಲರೂ ಆ ಫೋಟೋ ಶೇರ್ ಮಾಡಿ ಅತ್ತಿದ್ವಿ. ಅಂಥ ಸಿಡಿಮದ್ದನ್ನ ಸಾಮಾನ್ಯವಾಗಿ ಇಡೋದು ಕಾಡುಹಂದಿಗೆ. ಅವತ್ತು ಅತ್ತವರೇ ಕಪ್ಪು ಕವರ್ ಬಂದಾಗ ಖುಷಿಪಟ್ವಿ. ಎರಡಕ್ಕೂ ಸಂಬಂಧ ಇದೆ ಅಂತ ನಮಗೆ ಹೊಳೆಯಲೇ ಇಲ್ಲ.

ಪಾಲು ಮತ್ತು ಕೆಜಿ

ಗೆಳೆಯನ ಅಜ್ಜನಿಗೆ ಎಂಬತ್ತರ ಹತ್ತಿರ. ವಯಸ್ಸಿನಲ್ಲಿ ಶಿಕಾರಿ ಮಾಡಿದವರೇ. ಅವರ ಹತ್ರ ಆ ಕಾಲದ ಬಗ್ಗೆ ಕೇಳಿದ್ವಿ. ಹಂದಿ ಬಿದ್ದರೆ ಪಾಲು ಹಾಕೋದಿತ್ತಂತೆ. ಹೊಡೆದವನಿಗೆ ಒಂದು ಪಾಲು, ಹಳುವಿಗೆ ನುಗ್ಗಿ ಎಬ್ಬಿಸಿದವರಿಗೆ ಒಂದೊಂದು, ನಾಯಿಗೂ ಒಂದು. ಊರಲ್ಲಿ ಬಾಣಂತಿ ಇದ್ದರೆ ಆ ಮನೆಗೂ ಹೋಗ್ತಿತ್ತಂತೆ. "ಮಾರೋದು ಅಂದ್ರೆ ಮರ್ಯಾದೆಗೇಡು ಮಾರಾಯ. ಶಿಕಾರಿ ಬಾಡಿಗೆ ತಕ್ಕಡಿ ಇಡ್ತಾರನಾ?" ಅಂದ್ರು.

ಅಜ್ಜನ ಕಾಲ ಚೆನ್ನಾಗಿತ್ತು ಅಂತ ನಾವು ಹೇಳ್ತಿಲ್ಲ. ಆಗಲೂ ಪ್ರಾಣಿಗಳು ಸತ್ತವು, ಬೇಕಾದ್ದಕ್ಕಿಂತ ಜಾಸ್ತಿನೇ ಸತ್ತವು, ಅದಕ್ಕೇ 1972ರಲ್ಲಿ ಕಾಯ್ದೆ ಬೇಕಾಯ್ತು. ಆದರೆ ಒಂದು ವ್ಯತ್ಯಾಸ ಇದೆ. ಒಂದು ಊರು ಎಷ್ಟು ತಿನ್ನಬಹುದು ಅನ್ನೋದಕ್ಕೆ ಮಿತಿ ಇತ್ತು. ಈಗ ತಕ್ಕಡಿ ಬಂದಿದೆ, ಕೆಜಿಗೆ ಇಷ್ಟು ಅಂತ ರೇಟು ಬಂದಿದೆ. ಕೊಳ್ಳೋರು ಯಾರು? ವೀಕೆಂಡಿಗೆ ಮಲೆನಾಡಿಗೆ ಬಂದು "ಅಣ್ಣ, ಸ್ಪೆಷಲ್ ಏನಾದ್ರೂ ಸಿಗುತ್ತಾ" ಅಂತ ಮೆತ್ತಗೆ ಕೇಳೋರು. ಗೆಳೆಯನ ಮನೆಗೆ ಹೋಗೋ ನಮ್ಮಂಥೋರು. ನಮಗ್ಯಾರಿಗೂ ಹಂದಿ ಗದ್ದೆ ಉತ್ತು ಹಾಕಿಲ್ಲ, ನಮಗ್ಯಾರಿಗೂ ಹಸಿವಿಲ್ಲ, ಪಕ್ಕದ ಪೇಟೆಯಲ್ಲೇ ಸಾಕಿದ ಹಂದಿ ಮಾಂಸ ಸಿಗುತ್ತೆ. ಆದ್ರೂ ಕೇಳ್ತೀವಿ. ನಾವು ಕೇಳೋದಕ್ಕೇ ಉರುಳು ಬೀಳುತ್ತೆ.

ರೈತರ ಮಾತು

ಇದನ್ನೆಲ್ಲ ವಿಂಗ್‌ನಲ್ಲಿ ಹೇಳಿದಾಗ ಜೋರು ಜಗಳವೇ ಆಯ್ತು. "ನಿಮಗೇನ್ ಗೊತ್ತು? ಒಂದು ರಾತ್ರಿಗೆ ಅರ್ಧ ಎಕರೆ ಜೋಳ ಹೋಗುತ್ತೆ. ಗೆಣಸು, ಶುಂಠಿ ಎಲ್ಲ ಬುಡಮೇಲು. ಅಪ್ಪ ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತಿರ್ತಾರೆ" ಅಂತ ಸಕಲೇಶಪುರದವನು ಎದ್ದು ನಿಂತ. ಅವನು ಹೇಳಿದ್ದು ಪೂರ್ತಿ ನಿಜ. ಬೆಳೆ ಕಳ್ಕೊಂಡವರಿಗೆ ಪಾಠ ಹೇಳೋ ಅರ್ಹತೆ ನಮಗಿಲ್ಲ.

ಆದರೆ ಬೆಳೆ ಉಳಿಸೋದು ಬೇರೆ, ಮಾಂಸದ ವ್ಯಾಪಾರ ಬೇರೆ. ಕೇರಳದಲ್ಲಿ 2022ರಿಂದ ಬೆಳೆ ಹಾಳು ಮಾಡೋ ಕಾಡುಹಂದಿಗಳನ್ನ ಹೊಡೆಸೋಕೆ ಅನುಮತಿ ಕೊಡೋ ಅಧಿಕಾರವನ್ನ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿದ್ದಾರೆ. ಅಲ್ಲೂ ಹೊಡೆದ ಹಂದಿಯನ್ನ ತಿನ್ನೋ ಹಾಗಿಲ್ಲ, ಹೂಳಬೇಕು. ವ್ಯರ್ಥ ಅನ್ನಿಸಬಹುದು. ನಮಗೂ ಮೊದಲು ಹಾಗೇ ಅನ್ನಿಸ್ತು. ಆದರೆ ಯೋಚನೆ ಮಾಡಿ, ಮಾಂಸಕ್ಕೆ ಬೆಲೆ ಬಂದ ಕೂಡಲೇ ಗದ್ದೆಗೆ ಬಾರದ ಹಂದಿಯೂ "ಗದ್ದೆಗೆ ಬಂದಿತ್ತು" ಅಂತಾಗುತ್ತೆ.

ರೈತರ ಪರ ನಿಜವಾಗ್ಲೂ ಏನಾದ್ರೂ ಮಾಡಬೇಕು ಅಂದ್ರೆ ನಮ್ಮಂಥವರಿಗೆ ಕೆಲಸ ಬೇಕಾದಷ್ಟಿದೆ. ಬೆಳೆ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತೆ, ಆದರೆ ಅರ್ಜಿ, ಫೋಟೋ, ಪಹಣಿ ಅಂತ ಓಡಾಡೋಕೆ ವಯಸ್ಸಾದವರಿಗೆ ಆಗಲ್ಲ. ಊರಿಗೆ ಹೋದಾಗ ಒಂದು ಅರ್ಜಿ ತುಂಬಿಸಿ ಕೊಡಬಹುದು. ಸರಿಯಾದ ಎನರ್ಜೈಸರ್ ಇರೋ ಸೋಲಾರ್ ಬೇಲಿ ಒಂದು ಕ್ಷಣದ ಶಾಕ್ ಕೊಟ್ಟು ಓಡಿಸುತ್ತೆ. ಮೇನ್ ಲೈನಿಂದ ನೇರ ಕರೆಂಟ್ ಎಳೆದ ಬೇಲಿ ಪ್ರಾಣಿ, ಮನುಷ್ಯ ಇಬ್ಬರನ್ನೂ ಕೊಲ್ಲುತ್ತೆ. ಈ ವ್ಯತ್ಯಾಸವನ್ನ ಊರಲ್ಲಿ ವಿವರಿಸಿ ಹೇಳೋಕೆ ಎಲೆಕ್ಟ್ರಿಕಲ್ ಬ್ರಾಂಚಿನವರಿಗಿಂತ ಯಾರು ಬೇಕು? ಪ್ರತಿ ವರ್ಷ ಪ್ರಾಜೆಕ್ಟ್ ಎಕ್ಸಿಬಿಷನ್ನಿಗೆ ಅದೇ ಲೈನ್ ಫಾಲೋವರ್ ರೋಬೋ ಮಾಡೋ ಬದಲು ಬೇಲಿ ಕಾಯೋ ಸೆನ್ಸರ್ ಮಾಡಿದ್ರೆ ಸಕಲೇಶಪುರದ ಆ ಅಪ್ಪ ಒಂದು ರಾತ್ರಿ ನಿದ್ದೆ ಮಾಡಬಹುದು.

ಸಂಪ್ರದಾಯದ ಮಾತು

ಎರಡನೇ ಆಕ್ಷೇಪ ಸಂಪ್ರದಾಯದ್ದು. ಬೇಟೆ ನಮ್ಮ ರಕ್ತದಲ್ಲೇ ಇದೆ ಅನ್ನೋರು ಇದ್ದಾರೆ. ಇತಿಹಾಸ ಇರೋದು ನಿಜ. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಬೇಟೆಯ ಬಗ್ಗೆಯೂ ಇದೆ, ಹಂದಿಯ ಕೂದಲು ತೆಗೆದು, ತುಂಡು ಮಾಡಿ, ಕೆಂಡದ ಮೇಲೆ ಸುಡೋ ಬಗೆಯೂ ಇದೆ. ಬೇಡರ ಕಣ್ಣಪ್ಪನ ಕತೆ ನಮಗೆಲ್ಲ ಗೊತ್ತು. 1954ರ ಆ ಸಿನಿಮಾದಿಂದಲೇ ರಾಜ್‌ಕುಮಾರ್ ನಾಯಕನಟರಾಗಿದ್ದು. ಕಣ್ಣಪ್ಪ ಬೇಟೆಯ ಮಾಂಸ ಸುಟ್ಟು, ಬೆಂದಿದೆಯಾ ಅಂತ ತಾನೇ ಕಚ್ಚಿ ನೋಡಿ, ಒಳ್ಳೇ ತುಂಡನ್ನ ಶಿವನಿಗೆ ಇಡ್ತಾನೆ. ಅವನು ತಿಂದು ನೋಡಿದ್ದು ತನ್ನ ಸ್ಟೇಟಸ್‌ಗೋಸ್ಕರ ಅಲ್ಲ.

ನಮ್ಮ ಕ್ಲಾಸಿನ ವಿರಾಜಪೇಟೆಯವಳನ್ನ ಕೇಳಿದ್ವಿ, ಕೊಡಗಿನಲ್ಲಿ ಹೇಗೆ ಅಂತ. ಅವಳು ನಕ್ಕಳು. "ಪಂದಿ ಕರಿ ಅಂದ್ರೆ ಕಾಡುಹಂದಿ ಅಂತ ನಿಮ್ಗೆಲ್ಲ ಯಾರು ಹೇಳಿದ್ದು? ನಮ್ಮನೇಲಿ ಯಾವಾಗ್ಲೂ ಅಂಗಡಿಯಿಂದ ತರೋದೇ" ಅಂದಳು. ಕೈಲ್‌ಪೊಳ್ದ್ ಹಬ್ಬ ಸೆಪ್ಟೆಂಬರ್ ಮೊದಲ ವಾರ ಬರುತ್ತೆ. ಕೋವಿಗೆ ಹೂವಿಟ್ಟು ಪೂಜೆ, ಕಡಂಬುಟ್ಟು, ಪಂದಿ ಕರಿ, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯೋ ಸ್ಪರ್ಧೆ. ಕೋವಿ ಇದೆ, ಗುರಿ ಇದೆ, ಹಬ್ಬ ಇದೆ, ಹಂದಿ ಕಾಡಿಂದ ಬರಬೇಕಿಲ್ಲ. ಹಿಂದೆ ಅಲ್ಲಿ ಹುಲಿ ಹೊಡೆದವನಿಗೆ ನರಿ ಮಂಗಲ ಅಂತ ಮದುವೆಯ ಹಾಗೆ ಸಂಭ್ರಮ ಮಾಡ್ತಿದ್ದರಂತೆ. ಕೊಡವ ಮಾತಿನಲ್ಲಿ ನರಿ ಅಂದ್ರೆ ಹುಲಿ. ಈಗ ಅದನ್ನ ಮತ್ತೆ ಶುರು ಮಾಡೋಣ ಅಂತ ಯಾರೂ ಕೇಳ್ತಿಲ್ಲ. ಅದು ನಿಂತಿದ್ದಕ್ಕೆ ಕೊಡವರು ಕೊಡವರಲ್ಲ ಅಂತ ಆಗಿಲ್ಲ.

ರುಚಿಯ ಮಾತು

ಮೂರನೇದು ರುಚಿ. "ಸಾಕಿದ ಹಂದಿಗೂ ಅದಕ್ಕೂ ಹೋಲಿಕೆನೇ ಇಲ್ಲ" ಅಂತಾರೆ. ಇದನ್ನ ಸ್ವಲ್ಪ ಎಂಜಿನಿಯರಿಂಗ್ ತರ ನೋಡೋಣ.

ಕಾಡುಹಂದಿ ದಿನಾ ಓಡುತ್ತೆ. ಸ್ನಾಯುವಿನಲ್ಲಿ ಮಯೋಗ್ಲೋಬಿನ್ ಜಾಸ್ತಿ, ಅದಕ್ಕೇ ಮಾಂಸ ಕಡುಗೆಂಪು. ಮಾಂಸದೊಳಗಿನ ಕೊಬ್ಬು ಕಡಿಮೆ, ಅದಕ್ಕೇ ಕೆಂಡದ ಮೇಲೆ ಬೇಗ ಒಣಗುತ್ತೆ. ವಯಸ್ಸಾದ ಹಂದಿಯಾದರೆ ಕೊಲಾಜೆನ್ ಗಟ್ಟಿ. ಅದು ಜೆಲಟಿನ್ ಆಗಿ ಕರಗೋಕೆ 70 ಡಿಗ್ರಿಗಿಂತ ಮೇಲೆ ಗಂಟೆಗಟ್ಟಲೆ ಬೇಯಬೇಕು. ಗಂಡು ಹಂದಿಗೆ ಆಂಡ್ರೋಸ್ಟೆನೋನ್, ಸ್ಕ್ಯಾಟೋಲ್ ಅನ್ನೋ ಎರಡು ವಸ್ತುಗಳಿಂದ ಘಾಟು ವಾಸನೆ ಬರುತ್ತೆ. ಅಂದ್ರೆ ನಮ್ಮ ಹಿರಿಯರ ಕೈಗೆ ಸಿಕ್ಕಿದ್ದು ಒಣಗೋ, ಗಟ್ಟಿಯಾದ, ನಾತ ಬರೋ ಮಾಂಸ. ಅದನ್ನ ತಿನ್ನೋ ಹಾಗೆ ಮಾಡೋಕೆ ಅವರು ಹುಳಿ, ಕರಿಮೆಣಸು, ಹುರಿದ ಜೀರಿಗೆ, ಹೊಗೆ, ನಿಧಾನದ ಕೆಂಡ ಇದನ್ನೆಲ್ಲ ಹುಡುಕಿಕೊಂಡರು. ನಾವು "ಕಾಡಿನ ರುಚಿ" ಅಂತ ಹೊಗಳೋದರಲ್ಲಿ ಮುಕ್ಕಾಲು ಪಾಲು ಅಡುಗೆಮನೆಯದ್ದು.

ಇನ್ನು "ಪ್ಯೂರ್, ಆರ್ಗಾನಿಕ್" ಅನ್ನೋ ಮಾತು. ಕಾಡುಹಂದಿಯಲ್ಲಿ ಟ್ರೈಕಿನೆಲ್ಲಾ ಅನ್ನೋ ಹುಳ ಇರಬಹುದು. ಉಪ್ಪು ಹಾಕಿದ್ರೆ, ಹೊಗೆಗೆ ಕಟ್ಟಿದ್ರೆ ಅದು ಸಾಯುತ್ತೆ ಅಂತ ನಂಬೋ ಹಾಗಿಲ್ಲ. ಕಪ್ಪು ಕವರನ್ನ ಯಾವ ಪಶುವೈದ್ಯರೂ ನೋಡಿರಲ್ಲ. ಸೀಸದ ಚರೆ ಹೊಡೆದಿದ್ದರೆ ಅದರ ಸಣ್ಣ ಚೂರುಗಳು ಗಾಯದಿಂದ ದೂರದವರೆಗೂ ಹರಡಿರುತ್ತವೆ, ಕಣ್ಣಿಗೆ ಕಾಣಲ್ಲ. ಇಂಥ ಮಾಂಸವನ್ನ ಹುಳಿಯಲ್ಲಿ ರಾತ್ರಿಯಿಡೀ ನೆನೆಸಿದರೆ ಆಸಿಡ್‌ಗೆ ಸೀಸ ಇನ್ನಷ್ಟು ಕರಗಿ ಮಾಂಸಕ್ಕೆ ಇಳಿಯುತ್ತೆ. ಇದನ್ನ ಓದಿದ ದಿನ ನಾವು ನಿಂಬೆಹಣ್ಣು ಹಿಂಡಿದ್ದನ್ನ ನೆನೆಸ್ಕೊಂಡು ಸುಮ್ಮನಾದ್ವಿ.

ಈ ವರ್ಷ ಮಾಡಿದ್ದು

ಥರ್ಡ್ ಸೆಮ್ ರಜೆಯಲ್ಲಿ ಅದೇ ಮನೆಗೆ ಮತ್ತೆ ಹೋದ್ವಿ. ಹೋಗೋ ಮೊದಲೇ ಮಾವನಿಗೆ ಫೋನ್ ಮಾಡಿ "ಏನೂ ತರಿಸ್ಬೇಡಿ ಮಾವ, ನಾವೇ ತರ್ತೀವಿ" ಅಂತ ಹೇಳಿದ್ವಿ. ಪೇಟೆಯಲ್ಲಿ ಎರಡು ಕೆಜಿ ಸಾಕಿದ ಹಂದಿಯ ಭುಜದ ಮಾಂಸ ತಗೊಂಡ್ವಿ, ಕೊಬ್ಬಿನ ಸಮೇತ.

ಹೋದ ವರ್ಷ ಮಾಡಿದ ತಪ್ಪುಗಳನ್ನ ಪಟ್ಟಿ ಮಾಡಿಕೊಂಡಿದ್ವಿ. ಮೊದಲನೇದು ಗಾತ್ರ. ಉಪ್ಪಾಗಲಿ ಶಾಖವಾಗಲಿ ಒಳಗೆ ಇಳಿಯೋದು ಡಿಫ್ಯೂಷನ್‌ನಿಂದ. ದಪ್ಪ ಎರಡರಷ್ಟಾದರೆ ಸಮಯ ಸುಮಾರು ನಾಲ್ಕರಷ್ಟು ಬೇಕು. ಮಸಾಲೆಯ ಖಾರ, ಹುಳಿ ಎಷ್ಟೇ ಹೊತ್ತು ಇಟ್ಟರೂ ಕೆಲವೇ ಮಿಲಿಮೀಟರ್ ಒಳಗೆ ಹೋಗೋದು. ಅದಕ್ಕೆ ಈ ಸಲ ಒಂದಿಂಚಿನ ತುಂಡುಗಳು.

ಎರಡನೇದು ಉಪ್ಪು ಮತ್ತು ಹುಳಿಯ ಸಮಯ. ಮಾಂಸದೊಳಗೆ ನಿಜವಾಗ್ಲೂ ಇಳಿಯೋದು ಉಪ್ಪು. ಅದು ಪ್ರೋಟೀನನ್ನ ಸಡಿಲ ಮಾಡಿ, ಬೇಯುವಾಗ ನೀರು ಹಿಡಿದಿಟ್ಟುಕೊಳ್ಳುತ್ತೆ. ಕೆಜಿಗೆ 15 ಗ್ರಾಂ ಲೆಕ್ಕದಲ್ಲಿ 30 ಗ್ರಾಂ ಉಪ್ಪು ಹಚ್ಚಿ ರಾತ್ರಿ ಫ್ರಿಜ್ಜಿನಲ್ಲಿ ಇಟ್ವಿ. ಹುಳಿ ಹಾಕಿದ್ದು ಬೆಳಗ್ಗೆ, ಸುಡೋಕೆ ಎರಡು ಗಂಟೆ ಮುಂಚೆ. ಜಾಸ್ತಿ ಹೊತ್ತು ಹುಳಿಯಲ್ಲಿಟ್ಟರೆ ಹೊರಪದರ ಹಿಟ್ಟಾಗುತ್ತೆ. ಪಪ್ಪಾಯಿಕಾಯಿಯೂ ಅಷ್ಟೇ, ಅದರ ಪಪೈನ್ ಮಾಂಸವನ್ನ ಕರಗಿಸುತ್ತಾ ಹೋಗುತ್ತೆ. ಕೊಬ್ಬಿರೋ ಹಂದಿಗೆ ಅದು ಬೇಕಾಗೇ ಇಲ್ಲ.

ಹುಳಿಗೆ ವಿರಾಜಪೇಟೆಯವಳು ಕೊಟ್ಟ ಕಾಚಂಪುಳಿ ಎರಡು ಚಮಚ. ಅದು ಯಾವ ಹಣ್ಣಿಂದ ಆಗುತ್ತೆ ಅಂತ ಹುಡುಕಿದಾಗ ಗಾರ್ಸಿನಿಯಾ ಗಮ್ಮಿ-ಗಟ್ಟಾ ಅಂತ ಬಂತು. ಅಂದ್ರೆ ನಮ್ಮ ಮಲೆನಾಡಿನ ಉಪ್ಪಾಗೆ! ಎರಡು ಜಿಲ್ಲೆಯವರು ಒಂದೇ ಮರಕ್ಕೆ ಎರಡು ಹೆಸರಿಟ್ಟು ನಮ್ಮದೇ ದೊಡ್ಡದು ಅಂತ ಜಗಳ ಆಡ್ತಿದ್ವಿ. ಉಳಿದಿದ್ದು ಅತ್ತೆಯ ಮಸಾಲೆ. ಕರಿಮೆಣಸು, ಜೀರಿಗೆ, ಕೊತ್ತಂಬರಿ, ಸ್ವಲ್ಪ ಸಾಸಿವೆ, ಕಪ್ಪಗಾಗೋವರೆಗೆ ಹುರಿದು ಪುಡಿ. ಶುಂಠಿ, ಬೆಳ್ಳುಳ್ಳಿ, ಹತ್ತು ಸೂಜಿಮೆಣಸು ಅರೆದಿದ್ದು. ಕಲಸಿದ್ದು ಸ್ಟೀಲ್ ಪಾತ್ರೆಯಲ್ಲಿ, ಅಲ್ಯೂಮಿನಿಯಂ ಆದರೆ ಹುಳಿ ತಿನ್ನುತ್ತೆ.

ಮೂರನೇದು ಬೆಂಕಿ. ಕಾಫಿ ಗಿಡದ ಒಣ ಸೌದೆ ಉರಿಸಿ, ಜ್ವಾಲೆ ಪೂರ್ತಿ ಇಳಿದು ಕೆಂಡದ ಮೇಲೆ ಬಿಳಿ ಬೂದಿ ಕೂರೋವರೆಗೆ ಕಾದ್ವಿ. ಆ ನಲವತ್ತು ನಿಮಿಷ ಕಾಯೋದೇ ಕಷ್ಟ. ಕೆಂಡವನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿ, ಇನ್ನೊಂದು ಕಡೆ ಖಾಲಿ ಬಿಟ್ವಿ. ಮೊದಲು ಕೆಂಡದ ಮೇಲೆ ಬಣ್ಣ ಬರೋಕೆ ನಾಲ್ಕು ನಿಮಿಷ, ಆಮೇಲೆ ಖಾಲಿ ಕಡೆಗೆ ಸರಿಸಿ ಮೇಲೆ ಹಳೇ ಬಾಣಲೆ ಮುಚ್ಚಿ ಅರ್ಧ ಗಂಟೆ. ನಮ್ಮ ಇಸಿ ಗೆಳೆಯ ಕೆ-ಟೈಪ್ ಥರ್ಮೋಕಪಲ್ಲಿಗೆ ಆರ್ಡುಯಿನೋ ಸೇರಿಸಿ ಮೀಟರ್ ಮಾಡಿ ತಂದಿದ್ದ. ಒಳಗೆ 71 ಡಿಗ್ರಿ ದಾಟಿದ್ರೆ ಭಯ ಇಲ್ಲ. ಭುಜದ ಮಾಂಸ ಮೆತ್ತಗಾಗಲಿ ಅಂತ ನಾವು 85ರವರೆಗೆ ಬಿಟ್ವಿ. ಅಜ್ಜ ಆ ವೈರುಗಳನ್ನ ನೋಡಿ "ಎಂತದು ಇದು, ಹಂದಿಗೆ ಗ್ಲೂಕೋಸ್ ಹಾಕ್ತಿದೀರನಾ?" ಅಂತ ಕೇಳಿದರು.

ಅಜ್ಜನಿಗೇ ಮೊದಲ ತುಂಡು ಕೊಟ್ವಿ, ಏನೂ ಹೇಳದೆ. ಒಂದೇ ಸಲ ಜಗಿದು "ಸಾಕಿದ್ದು" ಅಂದರು. ನಮ್ಮ ಮುಖ ಇಳೀತು. ಹೇಗೆ ಗೊತ್ತಾಯ್ತು ಅಂದ್ರೆ "ಕೊಬ್ಬು ಬೇರೆ. ಅದರದ್ದು ಗಟ್ಟಿ" ಅಂದರು. ಸುಳ್ಳು ಯಾಕೆ ಹೇಳೋಣ, ಎರಡೂ ಒಂದೇ ಅಲ್ಲ, ವ್ಯತ್ಯಾಸ ಇದೆ. ಆಮೇಲೆ ಅಜ್ಜ ತಟ್ಟೆ ಮುಂದೆ ಮಾಡಿ "ಇನ್ನೆರಡು ಹಾಕು" ಅಂದರು. ಹೋದ ವರ್ಷದ್ದನ್ನ ಅವರು ಒಂದು ತುಂಡು ಕಚ್ಚಿ ನಾಯಿಗೆ ಹಾಕಿದ್ದರಂತೆ. ಅದು ನಮಗೆ ಗೊತ್ತಾಗಿದ್ದು ಈ ವರ್ಷ.

ಉಳಿದ ಪ್ರಶ್ನೆ

ನಮ್ಮ ರೂಮಿನಲ್ಲಿ ಒಬ್ಬ ಶುದ್ಧ ಸಸ್ಯಾಹಾರಿ ಇದ್ದಾನೆ, ಧಾರವಾಡದ ಕಡೆಯವನು. ಈ ಲೇಖನದ ಡ್ರಾಫ್ಟ್ ಓದಿ "ಎರಡೂ ಕೊಲ್ಲೋದ ಅಲ್ಲೇನ್ರೋ? ಸಾಕಿದ್ದಕ್ಕ ಜೀವ ಇರಂಗಿಲ್ಲೇನು?" ಅಂತ ಕೇಳಿದ. ಇದಕ್ಕೆ ನಮ್ಮ ಹತ್ರ ಪೂರ್ತಿ ಉತ್ತರ ಇಲ್ಲ. ಮಾಂಸ ತಿನ್ನೋದು ಸರಿಯೋ ತಪ್ಪೋ ಅನ್ನೋ ದೊಡ್ಡ ಪ್ರಶ್ನೆ ಅಲ್ಲೇ ಇದೆ, ಅವನು ಕೇಳ್ತಾ ಇರಲಿ. ನಾವು ಹೇಳ್ತಿರೋದು ಅದಕ್ಕಿಂತ ಚಿಕ್ಕ ಮಾತು. ಸಾಕಿದ ಹಂದಿಯನ್ನ ತಿಂದರೆ ಸಾಕುವವರು ಇನ್ನೊಂದನ್ನ ಸಾಕ್ತಾರೆ. ಕಾಡಿನದ್ದು ಹಾಗಲ್ಲ, ಅದರ ಜೊತೆ ಚಿರತೆಯೂ ಹೋಗುತ್ತೆ, ಆನೆಯೂ ಹೋಗುತ್ತೆ. ಮಾಂಸ ತಿನ್ನೋ ನಾವು ಕನಿಷ್ಠ ಈ ಗೆರೆಯನ್ನಾದ್ರೂ ದಾಟದೆ ಇರಬಹುದು.

ಆದ್ದರಿಂದ ಕಾಲೇಜಿನ ಗೆಳೆಯರಲ್ಲಿ ನಮ್ಮ ಕೋರಿಕೆ ಇಷ್ಟೇ. ಮಲೆನಾಡಿನ ಗೆಳೆಯರ ಮನೆಗೆ ಹೋದಾಗ "ಸ್ಪೆಷಲ್" ಕೇಳಬೇಡಿ. ನೀವು ಕೇಳಿದ್ರೆ ಅವರಿಗೆ ಇಲ್ಲ ಅನ್ನೋಕೆ ಸಂಕೋಚ ಆಗುತ್ತೆ, ಅತಿಥಿ ಅಂತ ಎಲ್ಲಿಂದಲೋ ತರಿಸ್ತಾರೆ. ಅಂಥ ವಿಡಿಯೋ ಬಂದ್ರೆ ಲೈಕ್ ಒತ್ತಬೇಡಿ. ಮಲೆನಾಡು, ಕೊಡಗಿನವರು ನಿಮ್ಮ ಅಜ್ಜಿ, ಅತ್ತೆಯರ ಹತ್ರ ಮಸಾಲೆ ಹುರಿಯೋ ಹದ, ಕೆಂಡ ನೋಡೋ ಹದ ಬರ್ಕೊಂಡು ಬನ್ನಿ. ಕ್ಲಬ್ಬಿನ ಮುಂದಿನ ಸಂಚಿಕೆಗೆ ಅದನ್ನೇ ಕೊಡಿ. ಅದು ಕಳೆದು ಹೋದ್ರೆ ಯಾವ ಅಂಗಡಿಯಲ್ಲೂ ಸಿಗಲ್ಲ.

ಈ ಸಲ ಹೊರಡೋವಾಗ ಮಾವ ಬಸ್‌ಸ್ಟಾಪಿನವರೆಗೆ ಬಂದಿದ್ದರು. "ಈ ಸಲದ ಫೋಟೋ ಬೇಕಾದ್ರೆ ಹಾಕ್ಕೊಳ್ಳಿ ಹುಡುಗ್ರಾ" ಅಂದರು. ಹಾಸ್ಟೆಲಿಗೆ ಬಂದ ರಾತ್ರಿ ಅದೇ ಪ್ರಶ್ನೆ ಬಂತು, "ಈ ಸಲ ಸಿಕ್ತಾ?" ಸಿಕ್ತು ಅಂದ್ವಿ, ಪೇಟೆ ಅಂಗಡಿಯಲ್ಲಿ ಸಿಕ್ತು, ಬಿಲ್ಲೂ ಇದೆ. ಎಲ್ಲರೂ ನಕ್ಕರು. ಆಮೇಲೆ ಇಬ್ಬರು ಮಸಾಲೆ ಅಳತೆ ಕೇಳಿ ಬರ್ಕೊಂಡು ಹೋದರು.